ಮನೆ ಮಾರುವ ಮುಂಚೆ



ನಾವಿಬ್ಬರು ಅಣ್ಣ-ತಮ್ಮ. ಕೆಲಸ ಅಬುಧಾಬಿಯ ಅಲ್ ಮೀನಾದಲ್ಲಿ, ರೂಮು ಮುಸಫ್ಫಾದಲ್ಲಿ. ಹೊಸದಾಗಿ ಬಂದಾಗ, ಮೀನು ಮಾರ್ಕೆಟ್ ಇರುವ ಜಾಗವಾದ್ದರಿಂದ ಮೀನಾ ಅಂತ ಹೆಸರು ಬಿದ್ದಿರಬೇಕು ಅಂದುಕೊಂಡಿದ್ದೆವು. ಆಮೇಲೆ ಗೊತ್ತಾಯಿತು, ಅರಬಿಯಲ್ಲಿ ಮೀನಾ ಅಂದರೆ ಬಂದರು. 1972ರಲ್ಲಿ ಶುರುವಾದ ಬಂದರಿದು. 2012ರಲ್ಲಿ ಕಂಟೇನರ್ ಕೆಲಸ ಖಲೀಫಾ ಪೋರ್ಟಿಗೆ ಹೋಯಿತು. ಗೋದಾಮು, ಮೀನು ಮಾರ್ಕೆಟ್, ಖರ್ಜೂರದ ಅಂಗಡಿ, ನಮ್ಮಂಥವರು ಇಲ್ಲೇ ಉಳಿದೆವು.

2020ರ ನವೆಂಬರ್ 27, ಶುಕ್ರವಾರ ಬೆಳಿಗ್ಗೆ ಇಲ್ಲಿಯ ಮೀನಾ ಪ್ಲಾಜಾದ ನಾಲ್ಕು ಟವರುಗಳನ್ನು ಮದ್ದಿಟ್ಟು ಉರುಳಿಸಿದ್ದು ನಿಮಗೆ ನೆನಪಿರಬಹುದು. ನಾಲ್ಕೂ ಸೇರಿ 144 ಮಹಡಿ. ಹತ್ತೇ ಸೆಕೆಂಡು. ನಾವು ರೂಮಿನಲ್ಲಿ ಕೂತು ಫೋನಿನಲ್ಲಿ ನೋಡಿದೆವು. ಧೂಳು ಇಳಿಯುವ ಮೊದಲೇ ಒಬ್ಬರು ಹೇಳಿದರು, "ಕಟ್ಟೂಕೆ ಎಷ್ಟ್ ವರ್ಷ, ಕೆಡವೂಕೆ ಎಷ್ಟ್ ಹೊತ್ತು ಮರಾಯ್ರೆ!" ನಾವೂ ಹೌದು ಅಂದೆವು. ಆ ಹತ್ತು ಸೆಕೆಂಡಿನ ಹಿಂದೆ ಎಷ್ಟು ತಿಂಗಳ ತಯಾರಿ ಇತ್ತು ಅಂತ ಆವತ್ತು ಯೋಚಿಸಲಿಲ್ಲ. ನಮ್ಮದೇ ಐದು ಕೋಣೆಯ ಹಂಚಿನ ಮನೆ ಮಾರಲು ಹೊರಟಾಗ ಆ ಮಾತು ನೆನಪಾಯಿತು. ಅದಕ್ಕೆ ಹಿಡಿದದ್ದು ಹದಿನಾಲ್ಕು ತಿಂಗಳು. ಅದರ ಕಥೆ ಬರೆಯುತ್ತಿದ್ದೇವೆ. ಇದೇ ದಾರಿಯಲ್ಲಿ ಇರುವವರಿಗೆ ಉಪಯೋಗವಾದೀತು. ನಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ.

ನಮ್ಮ ಮನೆ ಕುಂದಾಪುರದಿಂದ ಒಳಗೆ, ಸಿದ್ದಾಪುರದ ಕಡೆಗೆ ಹೋಗುವ ದಾರಿಯಲ್ಲಿ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು. ಎದುರು ಅಂಗಳ, ತುಳಸಿಕಟ್ಟೆ, ಪಕ್ಕದಲ್ಲಿ ಹಟ್ಟಿ, ಹಿಂದೆ ಬಾವಿ. ಮನೆ ಇರುವ 10 ಸೆಂಟ್ಸು ಕನ್ವರ್ಷನ್ ಆದದ್ದು. ಅದರಾಚೆ 32 ಸೆಂಟ್ಸು ತೋಟ, ತೋಟದ ಮೂಲೆಯಲ್ಲಿ ನಾಗಬನ. ಅಪ್ಪಯ್ಯ ತೀರಿ ಬಹಳ ವರ್ಷವಾಯಿತು. ಅಮ್ಮ 2022ರಲ್ಲಿ ಹೋದರು. ಅಂದಿನಿಂದ ಮನೆಗೆ ಬೀಗ. ಎರಡು ಮೈಲು ದೂರದಲ್ಲಿ ಅಕ್ಕನ ಮನೆ. ಅವಳು ಆಗಾಗ ಬಂದು ದೀಪ ಹಚ್ಚಿ ಹೋಗುತ್ತಾಳೆ ಅಂತ ನಮಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೇಳಿರಲಿಲ್ಲ.

ಹಂಚಿನ ಮನೆಯಲ್ಲಿ ಜನ ಇಲ್ಲದಿದ್ದರೆ ಅದು ಮೂರು ಮಳೆಗಾಲ ತಡೆಯುವುದು ಕಷ್ಟ ಅಂತ ಊರಿನ ಎಲ್ಲರಿಗೂ ಗೊತ್ತು. ಒಂದು ಹಂಚು ಜರುಗಿದರೆ ನೀರು ಪಕಾಸಿಗೆ ಇಳಿಯುತ್ತದೆ, ಪಕಾಸಿನಿಂದ ಗೋಡೆಗೆ, ಗೋಡೆಯಿಂದ ಒರಲೆಗೆ. 2024ರ ಚೌತಿಯ ಹೊತ್ತಿಗೆ ನಾವು ತೀರ್ಮಾನ ಮಾಡಿದೆವು: ಮಾರುವ. ಸಣ್ಣವನ ಮಗಳಿಗೆ ನರ್ಸಿಂಗ್ ಸೀಟು ಆಗಿತ್ತು, ದೊಡ್ಡವನ ಮೈಯಲ್ಲಿ ಮೊದಲಿನ ಶಕ್ತಿ ಇಲ್ಲ. ನಾವಿಬ್ಬರೂ ಇನ್ನು ಆ ಮನೆಯಲ್ಲಿ ಹೋಗಿ ಇರುವುದು ಸುಳ್ಳು ಅಂತ ಒಪ್ಪಿಕೊಂಡೆವು. ಒಪ್ಪಿಕೊಂಡ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಬ್ರೋಕರಿಗೆ ಫೋನು ಮಾಡಿದೆವು. ಅವರು ಕೇಳಿದ ಮೊದಲ ಪ್ರಶ್ನೆ ಮನೆಯ ಬಗ್ಗೆ ಅಲ್ಲ. "ಹೆಣ್ಮಕ್ಕಳು ಇದ್ರಾ?" ಒಬ್ಬ ಅಕ್ಕ ಇದ್ದಾಳೆ ಅಂದೆವು. "ಹಾಂಗಾರೆ ಮೊದಲು ಅವರತ್ರ ಒಂದು ಹಕ್ಕು ಖುಲಾಸೆ ಬರೆಸ್ಕೊಳ್ಳಿ. ಒಂದು ಸೀರೆ, ಕೈಗೆ ಸ್ವಲ್ಪ ಏನಾದ್ರೂ ಕೊಟ್ರೆ ಮುಗೀತು. ಎಲ್ಲರೂ ಮಾಡೂದು ಹಾಂಗೇ." ನಮಗೆ ಆ ಮಾತು ತಪ್ಪು ಅನಿಸಲಿಲ್ಲ ಎಂಬುದನ್ನು ಇಲ್ಲಿ ಬರೆಯಬೇಕು. ಅಕ್ಕನ ಮದುವೆಗೆ ಖರ್ಚು ಮಾಡಿಯಾಗಿದೆ, ಅವಳದ್ದು ಅವಳಿಗೆ ಮುಟ್ಟಿದೆ ಅಂತ ನಾವು ಇಷ್ಟು ವರ್ಷ ನಂಬಿಕೊಂಡೇ ಬಂದವರು.

2024ರ ಡಿಸೆಂಬರಿನಲ್ಲಿ ದೊಡ್ಡವನಿಗೆ ಒಂದು ತಿಂಗಳ ರಜೆ ಸಿಕ್ಕಿತು. ಅವ ಹೋದ, ಸಣ್ಣವ ಇಲ್ಲಿಂದ ವಿಡಿಯೊ ಕಾಲಿನಲ್ಲಿ. ಹಾಗಾಗಿ ಮನೆ ಖಾಲಿ ಮಾಡಿದ್ದು ನಾವಿಬ್ಬರೂ ಅನ್ನಬಹುದು, ಒಬ್ಬ ಕೈಯಲ್ಲಿ, ಒಬ್ಬ ಕಣ್ಣಲ್ಲಿ.

ಬಾಗಿಲು ತೆಗೆದಾಗ ಮನೆ ಹಾಳು ಬಿದ್ದಿರುತ್ತದೆ ಅಂತ ಎಣಿಸಿದ್ದೆವು. ಬಿದ್ದಿರಲಿಲ್ಲ. ನೆಲ ಗುಡಿಸಿತ್ತು. ಒಡೆದ ಹಂಚು ಬದಲಾಯಿಸಿತ್ತು. ಹೊಸ ಹಂಚಿನ ಕೆಂಪು ಬಣ್ಣ ಹಳೆಯದರ ನಡುವೆ ಎದ್ದು ಕಾಣುತ್ತಿತ್ತು. ಬಾವಿಗೆ ಬಲೆ ಹಾಕಿತ್ತು. ಯಾರು ಮಾಡಿಸಿದ್ದು ಅಂತ ಕೇಳುವ ಅಗತ್ಯ ಇರಲಿಲ್ಲ, ಆದರೂ ಆವತ್ತು ನಾವು ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕಪಾಟು ತೆಗೆದೆವು. ನಾವು ಕಳಿಸಿದ್ದೆಲ್ಲ ಇತ್ತು. ಪ್ಲಾಸ್ಟಿಕ್ ಬಿಚ್ಚದ ಎರಡು ಕಂಬಳಿ, ಟ್ಯಾಂಗ್ ಡಬ್ಬಿಗಳಲ್ಲಿ ಮೆಂತೆ, ಸಾಸಿವೆ, ಟೈಗರ್ ಬಾಮಿನ ಖಾಲಿ ಸೀಸೆಗಳು ಸಾಲಾಗಿ. ಕಾರ್ಟನ್ ಕಟ್ಟಿದ ಹಗ್ಗವನ್ನೂ ಅಮ್ಮ ಸುತ್ತಿ ಇಟ್ಟಿದ್ದರು. ಅದರ ಮೇಲೆ ಮಾರ್ಕರಿನಲ್ಲಿ ಬರೆದ ನಮ್ಮ ಅಕ್ಷರ. ಕಂಬಳಿಗಳನ್ನು ಅಕ್ಕನಿಗೆ ಕೊಟ್ಟೆವು. ಒರಳುಕಲ್ಲು ಎತ್ತಲು ನಾಲ್ಕು ಜನ ಬೇಕಾಯಿತು. ಅದು ಬೇಡ ಅಂದವರೇ ಹೆಚ್ಚು, ಕೊನೆಗೆ ಪಕ್ಕದ ಮನೆಯವರು ಅಂಗಳದ ಮೂಲೆಗೆ ಅಂತ ತೆಗೆದುಕೊಂಡು ಹೋದರು. ಗೊರಬು, ನೇಗಿಲು, ಹಳೆಯ ಹಂಡೆ ಎಲ್ಲಕ್ಕೂ ಗಿರಾಕಿ ಬಂದರು, ಈಗ ರೆಸಾರ್ಟಿನವರು ಇಂಥದ್ದನ್ನು ಹುಡುಕಿಕೊಂಡು ಬರುತ್ತಾರೆ.

ಪತ್ತಾಯದ ಮುಚ್ಚಳ ತಿರುಗಿಸಿದಾಗ ಒಳಬದಿಯಲ್ಲಿ ಮೊಳೆಯಿಂದ ಗೀರಿದ ಗೆರೆಗಳು ಕಂಡವು. ಅಪ್ಪಯ್ಯ ಧನಿಗಳಿಗೆ ಅಳೆದ ಗೇಣಿ ಅಕ್ಕಿಯ ಲೆಕ್ಕ, ಮುಡಿಗೊಂದು ಗೀರು. ವರ್ಷಕ್ಕೊಂದು ಸಾಲು. ಆಮೇಲೆ ಒಂದು ಕಡೆ ಸಾಲು ನಿಂತಿದೆ. ಯಾಕೆ ನಿಂತಿತು ಅಂತ ತಗಡಿನ ಪೆಟ್ಟಿಗೆಯ ಕಾಗದ ಹೇಳಿತು. ದೇವರಾಜ ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತಲ್ಲ, ಅಪ್ಪಯ್ಯ ಏಳನೇ ನಮೂನೆಯಲ್ಲಿ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯಲ್ಲಿ ಗೆದ್ದು, ಹತ್ತನೇ ನಮೂನೆ ಪಡೆದಿದ್ದರು. ನಮ್ಮ ಜಾಗದ ಮೂಲ ಕಾಗದ ಅದೇ. ಪತ್ತಾಯವನ್ನು ಮಾರಲಿಲ್ಲ.

ಈಗ ಕಾಗದದ ವಿಷಯ. ಮನೆ ಮಾರುವ ತಯಾರಿ ಅಂದರೆ ಸುಣ್ಣ ಬಳಿಯುವುದು, ಬಾವಿಯ ಹೂಳು ತೆಗೆಸುವುದು ಅಂತ ನಾವು ತಿಳಿದಿದ್ದೆವು. ಅದಕ್ಕೆ ಎಂಟು ದಿನ ಸಾಕಾಯಿತು. ಉಳಿದ ತಿಂಗಳೆಲ್ಲ ಕಾಗದಕ್ಕೆ ಹೋಯಿತು.

ಮೊದಲನೆಯದು, ಪಹಣಿ ಇನ್ನೂ ಅಪ್ಪಯ್ಯನ ಹೆಸರಿನಲ್ಲೇ ಇತ್ತು. ಸತ್ತವರ ಹೆಸರಿನ ಜಾಗ ಮಾರಲು ಬರುವುದಿಲ್ಲ. ಅಪ್ಪಯ್ಯ, ಅಮ್ಮ ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಮೇಲೆ ಪೌತಿ ಖಾತೆಗೆ ಅರ್ಜಿ. ಎರಡನೆಯದು, ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ ಸೊಸೈಟಿಯ ಒಂದು ಹಳೆಯ ಸಾಲ ಕೂತಿತ್ತು. ತೀರಿಸಿ ಎಷ್ಟೋ ವರ್ಷವಾಗಿದೆ, ತೆಗೆಸಲು ಯಾರಿಗೂ ನೆನಪಾಗಿಲ್ಲ. ಸೊಸೈಟಿಯಿಂದ ಸಾಲ ಇಲ್ಲ ಎಂಬ ಪತ್ರ ತಂದು ಅದನ್ನು ತೆಗೆಸಬೇಕಾಯಿತು. ಮೂರನೆಯದು, ಕನ್ವರ್ಷನ್ ಆದ ಮನೆ ಜಾಗಕ್ಕೆ ಪಂಚಾಯತಿನ ಇ-ಸ್ವತ್ತಿನಲ್ಲಿ 9 ಮತ್ತು 11. ಅದಿಲ್ಲದೆ ನೋಂದಣಿ ಇಲ್ಲ. ನಾಲ್ಕನೆಯದು ಇಸಿ, ಋಣಭಾರ ಪತ್ರ.

ಈ ಮೂರನೆಯದು ಮತ್ತು ನಾಲ್ಕನೆಯದು ನಮ್ಮ ಬಾಯಿ ಮುಚ್ಚಿಸಿದವು.

9 ಮತ್ತು 11ಕ್ಕೆ ಮನೆ ತೆರಿಗೆ ಕಟ್ಟಿದ ರಶೀದಿ ಬೇಕು ಅಂದರು. ಅಕ್ಕ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಅಮ್ಮ ಮಲಗಿದ ವರ್ಷದಿಂದ ಹಿಡಿದು ಎಲ್ಲ ವರ್ಷದ ತೆರಿಗೆ ರಶೀದಿ, ಮೆಸ್ಕಾಂ ಬಿಲ್ಲು, ಹಂಚಿನ ಅಂಗಡಿಯ ಚೀಟಿ, ಮರ ಹತ್ತುವವನಿಗೆ ಕೊಟ್ಟ ಲೆಕ್ಕ. ಅಮ್ಮ ಇರುವಾಗ ನಾವು ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೆವು. ಅಮ್ಮ ಹೋದ ಮೇಲೆ ನಿಲ್ಲಿಸಿದೆವು. ಬೀಗ ಹಾಕಿದ ಮನೆಗೆ ಖರ್ಚು ಎಂತದು ಅಂತ. ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಅಕ್ಕ ತನ್ನ ಸಂಬಳದಲ್ಲಿ ಅದನ್ನು ಕಟ್ಟಿದ್ದಾಳೆ. ಒಂದು ಸಲವೂ ಹೇಳಿರಲಿಲ್ಲ. "ಕೇಳೂಕೆ ನಾಚ್ಕಿ ಆತ್ತ್ ಮಾಣಿ," ಅಂದಳು.

ಇಸಿ ಬಂದಾಗ ಅದರಲ್ಲಿ ಇನ್ನೊಂದು ನಮೂದು. 2006ರಲ್ಲಿ ಗದ್ದೆ ಮಾರಿದ್ದು. ಆ ಗದ್ದೆ ಹೋದದ್ದು ನಮ್ಮಿಬ್ಬರ ವೀಸಾಕ್ಕೆ, ಟಿಕೆಟಿಗೆ, ಏಜೆಂಟಿಗೆ. ಪಹಣಿಯ ಸೊಸೈಟಿ ಸಾಲ ಅಕ್ಕನ ಮದುವೆಯದ್ದು. ಅದನ್ನು ಅಪ್ಪಯ್ಯ ಹಾಲು ಹಾಕಿ ತೀರಿಸಿದ್ದರು. ಅಂದರೆ ಮದುವೆಗೆ ಖರ್ಚಾದದ್ದು ತೀರಿಹೋದ ಸಾಲ. ಜಾಗ ಕಡಿಮೆಯಾದದ್ದು ನಮ್ಮಿಂದ. ಇಷ್ಟು ವರ್ಷ ನಾವು ಹೇಳಿಕೊಂಡು ಬಂದ ಲೆಕ್ಕವನ್ನು ಸರಕಾರಿ ಕಾಗದ ಎರಡೇ ಸಾಲಿನಲ್ಲಿ ತಿರುಗಿಸಿತು.

ಕುಂದಾಪುರದಲ್ಲಿ ಒಬ್ಬ ವಕೀಲರನ್ನು ಕೇಳಿದೆವು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲೇ, ವಿಲ್ ಬರೆಯದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಇತ್ತು. ಆದರೆ ಅದೇ ಕಾನೂನಿನ 23ನೇ ಕಲಮು, ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ವಾಸದ ಮನೆಯನ್ನು ಪಾಲು ಮಾಡಿ ಅಂತ ಮಗಳು ಕೇಳುವಂತಿಲ್ಲ ಅಂದಿತ್ತು. ಪಾಲು ಇದೆ, ಕೇಳುವ ಬಾಯಿ ಇಲ್ಲ. ಆ ಕಲಮನ್ನು 2005ರ ತಿದ್ದುಪಡಿಯಲ್ಲಿ ತೆಗೆದುಹಾಕಿದರು. "ಕಾನೂನಿನಲ್ಲಿ ಹೋಗಿದೆ, ನಮ್ಮೂರಿನ ಮನೆಗಳಲ್ಲಿ ಇನ್ನೂ ಹೋಗಲಿಲ್ಲ," ಅಂತ ವಕೀಲರು ನಕ್ಕರು. ನಮಗೆ ನಗು ಬರಲಿಲ್ಲ. ಖುಲಾಸೆ ಪತ್ರದ ಕರಡು ದೊಡ್ಡವನ ಚೀಲದಲ್ಲೇ ಇತ್ತು.

ಅಕ್ಕನ ಹತ್ತಿರ ಆ ಕರಡಿನ ವಿಷಯ ಎತ್ತುವ ಮೊದಲೇ ಅವಳು ಹೇಳಿದಳು, "ಮನಿ ಮಾರೂಕೆ ನಂದ್ ಎಂತ ಅಡ್ಡಿ ಇಲ್ಲೆ. ಎಲ್ಲಿ ಹೇಳ್ತ್ರಿ ಅಲ್ಲಿ ಸೈನ್ ಹಾಕ್ತೆ. ಆದ್ರೆ ನಾಗನ್ನ ಮಾರೂಕಾತ್ತಾ?"

ಇದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಆಗ ಬಂದಿದ್ದ ಗಿರಾಕಿ ಬೆಂಗಳೂರಿನವರು. ಅವರಿಗೆ ಮನೆ, ತೋಟ ಒಟ್ಟಿಗೆ ಬೇಕು. ನಾಗರಪಂಚಮಿಗೆ ಬಂದು ಹಾಲೆರೆದು ಹೋಗಿ, ನಾವು ಬೇಡ ಅನ್ನುವುದಿಲ್ಲ ಅಂದರು. ಒಳ್ಳೆಯವರೇ. ಆದರೆ ಅವರ ನಂತರ ಬರುವವರು ಅದೇ ಮಾತು ಹೇಳುತ್ತಾರೆ ಅಂತ ಏನು ಖಾತ್ರಿ? ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ನಾವು ಅನಿವಾಸಿಗಳು ಊರಿನಲ್ಲಿ ಮನೆ ಕೊಳ್ಳಬಹುದು, ಆದರೆ ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಭಾರತದಲ್ಲೇ ಇರುವ ಭಾರತೀಯರಿಗೆ ಮಾರಬಹುದು, ಅಷ್ಟೇ. ಹಾಗಾಗಿ ಈ ತೋಟ ಒಮ್ಮೆ ಕೈಬಿಟ್ಟರೆ, ನಾವು ಇಲ್ಲಿ ಇರುವ ತನಕ ಇಂಥದ್ದು ಇನ್ನೊಂದು ನಮ್ಮ ಹೆಸರಿಗೆ ಬರುವುದಿಲ್ಲ.

ದೊಡ್ಡವ ರಜೆ ಮುಗಿಸಿ ವಾಪಸು ಬಂದ. ಮುಸಫ್ಫಾದ ರೂಮಿನಲ್ಲಿ ನಮ್ಮಿಬ್ಬರಿಗೆ ಜಗಳವಾಯಿತು. ತೋಟವನ್ನು ಅಕ್ಕನಿಗೆ ಬಿಡುವ, ಮನೆಯನ್ನು ಮಾತ್ರ ಮಾರಿ ಆ ಹಣವನ್ನು ಮೂರು ಪಾಲು ಮಾಡುವ ಅಂತ ದೊಡ್ಡವ. ತೋಟ ಇಲ್ಲದಿದ್ದರೆ ಬೆಂಗಳೂರಿನವರು ಹೋಗುತ್ತಾರೆ, ಮಗಳ ಫೀಸು ನೀನು ಕಟ್ಟುತ್ತೀಯಾ ಅಂತ ಸಣ್ಣವ. ಇಬ್ಬರ ಮಾತೂ ಸುಳ್ಳಲ್ಲ. ಎರಡು ವಾರ ಒಂದೇ ಪಾತ್ರೆಯ ಗಂಜಿ ಉಂಡೆವು, ಮಾತಾಡಲಿಲ್ಲ. ರೂಮಿನ ಇತರರು ಪಾಪ, ಉಪ್ಪು ಕೊಡಿ ಅನ್ನುವುದಕ್ಕೂ ಹೆದರುತ್ತಿದ್ದರು.

ಜಗಳ ಮುಗಿಸಿದ್ದು ಆ ಪ್ಲಾಸ್ಟಿಕ್ ಚೀಲವೇ. ಒಂದು ರಾತ್ರಿ ಸಣ್ಣವ ಫೋನಿನಲ್ಲಿದ್ದ ರಶೀದಿಗಳ ಫೋಟೊ ತೆಗೆದು ಒಂದೊಂದಾಗಿ ಕೂಡಿಸುತ್ತಾ ಕೂತ. ದೊಡ್ಡ ಮೊತ್ತ ಏನಲ್ಲ, ಇಲ್ಲಿಯ ನಮ್ಮ ಎರಡು ತಿಂಗಳ ಸಂಬಳದ ಒಳಗೆ. ಆದರೆ ಅವಳ ಸಂಬಳದಲ್ಲಿ ಅದು ಎಷ್ಟು ತಿಂಗಳು ಅಂತ ಲೆಕ್ಕ ಹಾಕಿದ. ಹಾಕಿ, ಫೋನು ಕೆಳಗಿಟ್ಟು, "ಆಯ್ತ್, ನೀ ಹೇಳ್ದಾಂಗೇ ಆಯ್ಲಿ," ಅಂದ. ಫೀಸಿಗೆ ಇಲ್ಲಿ ಕಂಪೆನಿಯಿಂದ ಮುಂಗಡ ತೆಗೆದೆವು. ಇನ್ನೂ ಕಡಿಯುತ್ತಿದ್ದಾರೆ.

ಬೆಂಗಳೂರಿನವರು ಹೋದರು. 2025ರ ಮಳೆಗಾಲ ಪೂರ್ತಿ ಮನೆ ಹಾಗೇ ಇತ್ತು. ಅಕ್ಕ ವಂಶವೃಕ್ಷಕ್ಕೆ, ಪೌತಿ ಖಾತೆಗೆ, ತೋಟಕ್ಕೂ ಮನೆಗೂ ಗಡಿ ಅಳೆಸಲಿಕ್ಕೆ ಅಂತ ಓಡಾಡಿದಳು. ಒಂದೊಂದು ಸಲಕ್ಕೆ ಒಂದೊಂದು ದಿನದ ಕೂಲಿ ಹೋಯಿತು. ಈ ಸಲ ನಾವು ಕೇಳುವುದಕ್ಕೆ ಕಾಯಲಿಲ್ಲ, ಕಳಿಸಿದೆವು. ಕೊನೆಗೆ ಅಲ್ಲಿಯದೇ ಶಾಲೆಯ ಒಬ್ಬ ಮಾಸ್ಟ್ರು ಮನೆ ಒಪ್ಪಿಕೊಂಡರು. ಬೆಂಗಳೂರಿನವರು ಹೇಳಿದ್ದಕ್ಕಿಂತ ತುಂಬಾ ಕಡಿಮೆ. ಆದರೆ ಮನೆಯಲ್ಲಿ ತಾವೇ ಇರುತ್ತೇವೆ ಅಂದರು, ಮಕ್ಕಳಿದ್ದಾರೆ.

ಇನ್ನು ದುಡ್ಡಿನ ಎರಡು ಮಾತು, ಗಮನ ಇಟ್ಟು ಓದಿ.

ಬ್ರೋಕರು ಅರ್ಧ ವೈಟು, ಅರ್ಧ ಕ್ಯಾಶು ಅಂದರು. ಬೇಡ ಅಂದೆವು. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ನಗದು ತೆಗೆದುಕೊಳ್ಳುವಂತಿಲ್ಲ, ಸಿಕ್ಕಿಬಿದ್ದರೆ ತೆಗೆದುಕೊಂಡಷ್ಟೇ ದಂಡ. ಅದಲ್ಲದೆ ಕ್ಯಾಶು ತೆಗೆದುಕೊಂಡು ನಮ್ಮಂಥವರು ಮಾಡುವುದೇನು? ಬ್ಯಾಂಕಿಗೆ ಹಾಕಲು ಬರುವುದಿಲ್ಲ, ಇಲ್ಲಿಗೆ ತರಲು ಬರುವುದಿಲ್ಲ.

ಎರಡನೆಯದು ತೆರಿಗೆ. ಊರಿನಲ್ಲಿ ಎಲ್ಲರೂ ಹೇಳುವುದು 50 ಲಕ್ಷದ ಒಳಗಾದರೆ ಕೊಳ್ಳುವವರು ತೆರಿಗೆ ಹಿಡಿಯುವ ಅಗತ್ಯ ಇಲ್ಲ ಅಂತ. ಅದು ಊರಿನಲ್ಲಿ ಇರುವ ಮಾರಾಟಗಾರರಿಗೆ. ಮಾರುವವ ಅನಿವಾಸಿಯಾದರೆ ಆ ಮಿತಿ ಇಲ್ಲ, ಹಿಡಿಯಲೇಬೇಕು. ನಾವು ಮಾರಿದ 2025ರಲ್ಲಿ ಅದು 195ನೇ ಕಲಮಿನಲ್ಲಿತ್ತು, ಕೊಳ್ಳುವವರು ಅದಕ್ಕೆ ಟ್ಯಾನ್ ನಂಬರ್ ಮಾಡಿಸಬೇಕಿತ್ತು. ಪಾಪ ಮಾಸ್ಟ್ರಿಗೆ ಇದು ಗೊತ್ತೇ ಇರಲಿಲ್ಲ. ಹಿಡಿಯದಿದ್ದರೆ ನೋಟೀಸು ಬರುವುದು ಅವರಿಗೆ. ನಾವೇ ಹೇಳಿದೆವು. ಅಕ್ಕನ ಪಾಲಿಗೆ ಇದು ತಾಗುವುದಿಲ್ಲ, ನಮ್ಮಿಬ್ಬರ ಪಾಲಿಗೆ ಮಾತ್ರ. 2024ರ ಜುಲೈ 23ರ ನಂತರದ ಮಾರಾಟಕ್ಕೆ ದೀರ್ಘಾವಧಿ ಲಾಭದ ಮೇಲೆ 12.5 ಪರ್ಸೆಂಟ್, ಅದರ ಮೇಲೆ ಸೆಸ್. ಹಳೆಯ ಇಂಡೆಕ್ಸೇಶನ್ ಆಯ್ಕೆ ಅನಿವಾಸಿಗಳಿಗೆ ಇಲ್ಲ. 2001ಕ್ಕಿಂತ ಹಿಂದಿನ ಆಸ್ತಿಯಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ಮುಂಚಿತವಾಗಿ ಅರ್ಜಿ ಹಾಕಿ ಕಡಿಮೆ ಕಡಿತದ ಸರ್ಟಿಫಿಕೇಟ್ ತೆಗೆದರೆ ಲಾಭದ ಮೇಲಷ್ಟೇ ಹಿಡಿಯುತ್ತಾರೆ, ಇಲ್ಲದಿದ್ದರೆ ಪೂರ್ತಿ ಮೊತ್ತದ ಮೇಲೆ ಹಿಡಿದು, ಆಮೇಲೆ ರಿಟರ್ನ್ ಹಾಕಿ ವಾಪಸು ಕೇಳಬೇಕು. ಮಾರಾಟಕ್ಕೆ ಮೊದಲೇ ಒಬ್ಬ ಸಿಎಯನ್ನು ಕಾಣಿ. ಬಂದ ಹಣ ಎನ್‌ಆರ್‌ಒ ಖಾತೆಗೇ ಹೋಗಲಿ.

ನೋಂದಣಿಗೆ ಇಬ್ಬರಿಗೂ ರಜೆ ಸಿಗಲಿಲ್ಲ. ಸಣ್ಣವ ದೊಡ್ಡವನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿದ. ರಾಯಭಾರ ಕಚೇರಿಯ ದೃಢೀಕರಣ ಬೇಕು, ಪಾಸ್‌ಪೋರ್ಟ್, ಫೋಟೊ, ಇಬ್ಬರು ಸಾಕ್ಷಿಗಳು ಬೇಕು. ರೂಮಿನಲ್ಲೇ ಸೈನ್ ಹಾಕಿಕೊಂಡು ಹೋಗಬೇಡಿ, ಅಧಿಕಾರಿಯ ಎದುರು ಹಾಕಬೇಕು. ಆ ಕಾಗದ ಊರಿಗೆ ಮುಟ್ಟಿದ ಮೂರು ತಿಂಗಳ ಒಳಗೆ ಅಲ್ಲಿ ಸ್ಟಾಂಪ್ ಮಾಡಿಸಬೇಕು. ಅಣ್ಣ-ತಮ್ಮ, ಅಕ್ಕ-ತಂಗಿ, ತಂದೆ-ತಾಯಿ, ಗಂಡ-ಹೆಂಡತಿ, ಮಕ್ಕಳಿಗೆ ಕೊಟ್ಟರೆ ಸುಂಕ ಸಣ್ಣದು. ಹೊರಗಿನವರಿಗೆ ಮಾರುವ ಅಧಿಕಾರ ಕೊಟ್ಟರೆ ಜಾಗದ ಬೆಲೆಯ ಮೇಲೆ ಸುಂಕ ಬೀಳುತ್ತದೆ. ಯಾವ ಸರ್ವೆ ನಂಬರು, ಎಷ್ಟು ಸೆಂಟ್ಸು, ಯಾವ ಕೆಲಸಕ್ಕೆ ಅಂತ ಬಿಡಿಸಿ ಬರೆಸಿ. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಸೈನ್ ಹಾಕಬೇಡಿ, ಸ್ವಂತ ಅಣ್ಣ ಹೇಳಿದರೂ.

2025ರ ಅಕ್ಟೋಬರಿನಲ್ಲಿ ಮೊದಲು ವಿಭಾಗ ಪತ್ರ, ತೋಟ ಅಕ್ಕನ ಹೆಸರಿಗೆ. ಮರುವಾರ ಮನೆಯ ಕ್ರಯಪತ್ರ. ಬಾವಿ ಮನೆ ಜಾಗದಲ್ಲಿ ಇರುವುದರಿಂದ ತೋಟಕ್ಕೆ ನೀರು ಬಿಡುವ ಹಕ್ಕು, ನಾಗಬನಕ್ಕೆ ನಡೆಯುವ ದಾರಿ, ಎರಡನ್ನೂ ಕ್ರಯಪತ್ರದಲ್ಲೇ ಬರೆಸಿದೆವು. ಬಾಯಿಮಾತು ನಮ್ಮ ನಮ್ಮ ಕಾಲಕ್ಕೆ ಸಾಕು, ಮಕ್ಕಳ ಕಾಲಕ್ಕೆ ಸಾಲದು. ಖುಲಾಸೆ ಪತ್ರದ ಕರಡನ್ನು ದೊಡ್ಡವ ಬಚ್ಚಲೊಲೆಗೆ ಹಾಕಿದ. ಅದರಲ್ಲಿ ಏನಿತ್ತು ಅಂತ ಅಕ್ಕ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು ಅಂತ ನಮಗೆ ಅನುಮಾನ.

ಕೀಲಿ ಕೊಡುವ ದಿನ ಸಣ್ಣವ ಮೀನಾದ ಗೋದಾಮಿನಲ್ಲಿ ಡ್ಯೂಟಿಯಲ್ಲಿದ್ದ. ಲೋಡಿಂಗ್ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಫೋನಿನಲ್ಲಿ ನೋಡಿದ. ಮಾಸ್ಟ್ರ ಸಣ್ಣ ಹುಡುಗಿ ಅಂಗಳದಲ್ಲಿ ಓಡುತ್ತಿದ್ದಳು. ಅಕ್ಕ ತುಳಸಿಕಟ್ಟೆಗೆ ಒಂದು ಚೆಂಬು ನೀರು ಹಾಕಿ, ಮಾಸ್ಟ್ರ ಹೆಂಡತಿಗೆ ಚೆಂಬು ಕೊಟ್ಟಳು. ಬಾವಿಯ ಹಗ್ಗ ಎಡಗಡೆ ಎಳೆದರೆ ಸಿಕ್ಕಿಕೊಳ್ಳುತ್ತದೆ, ಬಲಗಡೆ ಎಳೀಬೇಕು ಅಂತ ಹೇಳಿಕೊಟ್ಟಳು. ನಮಗಿಬ್ಬರಿಗೂ ಅದು ಗೊತ್ತಿರಲಿಲ್ಲ.

ಪತ್ತಾಯ ಈಗ ಅಕ್ಕನ ಮನೆಯ ಜಗಲಿಯಲ್ಲಿದೆ. ಮೊನ್ನೆ ಫೋನು ಮಾಡಿದಾಗ ಅದರಲ್ಲಿ ತೋಟದ ತೆಂಗಿನಕಾಯಿ ಹಾಕಿದ್ದೇನೆ ಅಂದಳು.

ಬಂಧುಗಳೇ, ನಮ್ಮಲ್ಲಿ ಎಷ್ಟೋ ಜನರ ಮನೆ ಊರಿನಲ್ಲಿ ಬೀಗ ಹಾಕಿ ಇದೆ. ಮಾರುತ್ತೀರೋ ಬಿಡುತ್ತೀರೋ ನಿಮ್ಮ ಇಷ್ಟ. ಆದರೆ ಇವತ್ತೇ ಪಹಣಿ ತೆಗೆದು ಯಾರ ಹೆಸರಿನಲ್ಲಿದೆ ನೋಡಿ. ಇಸಿ ತೆಗೆಸಿ ಓದಿ. ತೆರಿಗೆ ಯಾರು ಕಟ್ಟುತ್ತಿದ್ದಾರೆ ಅಂತ ಫೋನು ಮಾಡಿ ಕೇಳಿ. ಕಾಗದದ ವಿಷಯದಲ್ಲಿ ನಮಗೆ ತಿಳಿದಷ್ಟು ಹೇಳುತ್ತೇವೆ. ಭಾನುವಾರ ಬೆಳಿಗ್ಗೆ ಮೀನು ಮಾರ್ಕೆಟಿನಲ್ಲಿ ಬಂಗುಡೆ ತೆಗೆದುಕೊಳ್ಳುತ್ತಾ ಇಬ್ಬರೂ ಸಿಗುತ್ತೇವೆ.